ಚಳಿಗೆ ಬಾಯಿ ಬಿಡದ ಹಲ್ಲಿ

ಸಿರುಗುಪ್ಪದ ವೀರಭದ್ರಮ್ಮನವರ ಮನೆಯ ಹಲ್ಲಿ ಆ ದಿನ ಬೆಳಿಗ್ಗೆ ಬಾಯಿ ಬಿಡಲಿಲ್ಲ. ಇಷ್ಟೇ ನೋಡಿ ಕಾರಣ. ಇಷ್ಟಕ್ಕೇ ಕುರುಗೋಡು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಗವಿಸಿದ್ದಪ್ಪ, ಹೆಣ್ಣು ನೋಡಲು ಹೋದವನು, ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡು ಸ್ಟೂಲು ಹತ್ತಬೇಕಾಯಿತು.

ಹಲ್ಲಿ ನುಡಿಯುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಯಾರಾದರೂ ಮಾತಾಡುತ್ತಿರುವಾಗ ಗೋಡೆಯ ಮೇಲಿಂದ ಲೊಚ್ ಲೊಚ್ ಅಂದರೆ, ಆ ಮಾತು ಸತ್ಯ ಅಂತ ಬೆರಳಿನಿಂದ ನೆಲ ಕುಟ್ಟಿ ಶಿವ ಶಿವ ಅನ್ನುತ್ತೇವೆ, ಮುಂದಿನ ಮಾತಿಗೆ ಹೋಗುತ್ತೇವೆ. ನುಡಿಯದಿದ್ದರೆ ಯಾರೂ ಹಲ್ಲಿಯನ್ನು ಜವಾಬು ಕೇಳುವುದಿಲ್ಲ. ವೀರಭದ್ರಮ್ಮನವರು ಕೇಳುತ್ತಿದ್ದರು. ಅವರ ಪಡಸಾಲೆಯಲ್ಲಿ ತೀರಿಹೋದ ಯಜಮಾನರ ದೊಡ್ಡ ಫೋಟೋ ಇತ್ತು. ಅದರ ಹಿಂದೆ ಒಂದು ಹಲ್ಲಿ ಇತ್ತು. ಅದು ನುಡಿದರೆ ಯಜಮಾನರೇ ಹೂಂ ಅಂದಂತೆ ಅಂತ ಆಕೆ ಹನ್ನೆರಡು ವರ್ಷದಿಂದ ನಂಬಿದ್ದರು. ಹೊಸ ಎಮ್ಮೆ ಕೊಳ್ಳುವುದಿರಲಿ, ಅಟ್ಟಕ್ಕೆ ಏಣಿ ಮಾಡಿಸುವುದಿರಲಿ, ಹಲ್ಲಿ ನುಡಿಯಬೇಕು. ನುಡಿಯದಿದ್ದರೆ ಏಣಿ ಇಲ್ಲ.

ಈಗ ಮೊಮ್ಮಗಳು ಪಂಪಾವತಿಯ ಮದುವೆ ಮಾತು. ಹಿಂದಿನ ಚಳಿಗಾಲದಿಂದ ಇಲ್ಲಿಯವರೆಗೆ ಮೂರು ಗಂಡುಗಳು ಬಂದು ಹೋಗಿದ್ದವು. ಮೂರಕ್ಕೂ ಹಲ್ಲಿ ತುಟಿ ಪಿಟಕ್ಕೆನ್ನಲಿಲ್ಲ.

ಗವಿಸಿದ್ದಪ್ಪನ ಕಡೆಯ ಕಥೆಯೂ ಹೀಗೇ ಇತ್ತು. ವಯಸ್ಸು ಮೂವತ್ತೆರಡು, ನೋಡಲು ಲಕ್ಷಣವಾಗಿದ್ದ, ಸರಕಾರಿ ನೌಕರಿ. ಆದರೂ ನಾಲ್ಕು ಕಡೆ ಹೆಣ್ಣು ನೋಡಿ ನಾಲ್ಕು ಕಡೆಯೂ ಬೇಡ ಅನ್ನಿಸಿಕೊಂಡು ಬಂದಿದ್ದ. ಅವನಿಗೊಂದು ರೋಗ. ಯಾರು ಏನೇ ಅಂದರೂ ಅದಕ್ಕೆ ವೈಜ್ಞಾನಿಕ ಕಾರಣ ಹೇಳದೆ ಇರಲಾರ. ಕೊನೆಯ ಸಲ ಕೊಟ್ಟೂರಿನಲ್ಲಿ ಆಗಲಿದ್ದ ಅತ್ತೆ ಪ್ರೀತಿಯಿಂದ ಉಪ್ಪಿನಕಾಯಿ ಬಡಿಸಿದಾಗ, ಅದರ ಮೇಲಿನ ಬೂಷ್ಟಿಗೂ ಜೀವ ಇದೆ, ಅದೂ ಸಂತಾನ ಬೆಳೆಸುತ್ತದೆ ಅಂತ ಹತ್ತು ನಿಮಿಷ ಪಾಠ ಮಾಡಿದ್ದ. ಆ ಸಂಬಂಧ ಅಲ್ಲಿಗೇ ಮುಗಿಯಿತು.

ಈ ಸಲ ಹೊರಡುವಾಗ ತಾಯಿ ಹೊನ್ನೂರಮ್ಮ ಬಾಗಿಲಲ್ಲಿ ನಿಂತು ಖಡಾಖಂಡಿತ ಹೇಳಿದಳು.

“ನಾಡಿದ್ದು ಧನುರ್ಮಾಸ ಹತ್ತೈತಿ. ಅಷ್ಟರೊಳಗ ಒಂದು ಹೂಂ ತಗೊಂಡು ಬಾ. ಇಲ್ಲಾಂದ್ರ ನಾ ಹಲಕುಂದಿ ಮಠಕ್ಕ ಹೋಗಿ ದಾಸೋಹದಾಗ ರೊಟ್ಟಿ ಬಡಕೋತ ಕುಂದ್ರತೀನಿ. ನಿನಗ ಬೇಯಿಸಿ ಹಾಕಾಕ ನನ್ನ ಕೈಲಿ ಆಗಂಗಿಲ್ಲ.”

ಅದು ಎಪ್ಪತ್ತೈದನೆಯ ಇಸವಿಯ ಡಿಸೆಂಬರು. ಬಳ್ಳಾರಿ ಸೀಮೆಯಲ್ಲಿ ಚಳಿ ಅಂದರೆ ಹೊರಗಿನವರು ನಗುತ್ತಾರೆ. ನಗಲಿ. ಆ ವಾರ ಸಮುದ್ರದ ಕಡೆ ಎಲ್ಲೋ ತುಫಾನು ಎದ್ದು ನಮಗೆ ಮೂರು ದಿನ ಸೂರ್ಯನ ಮುಖವೇ ಕಾಣಲಿಲ್ಲ. ಜಿಟಿಜಿಟಿ ಮಳೆ, ಮೈ ಕೊರೆಯುವ ಗಾಳಿ. ಅಂಥದ್ದರಲ್ಲಿ ಹೆಣ್ಣಿನ ಕಡೆಯವರು ಬೆಳಿಗ್ಗೆ ಏಳರೊಳಗೇ ಬರಬೇಕು ಅಂತ ಕಾಗದ ಬರೆದಿದ್ದರು. ಗವಿಸಿದ್ದಪ್ಪ ಮತ್ತು ಅವನ ಸ್ನೇಹಿತ ಪಕ್ಕೀರಪ್ಪ ಮೊದಲ ಬಸ್ಸು ಹಿಡಿದು, ಒಂದೇ ಕಂಬಳಿ ಇಬ್ಬರೂ ಹೊದ್ದು ಕುಳಿತರು. ಪಕ್ಕೀರಪ್ಪ ಅದೇ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಈ ಸಂಬಂಧ ಹುಡುಕಿದವನೂ ಅವನೇ.

“ಲೇ ಗವಿ, ನೀ ಬಾಯಿ ತಗಿಬ್ಯಾಡ,” ಅಂದ ಪಕ್ಕೀರಪ್ಪ. “ಮಾತೆಲ್ಲಾ ನಾ ಆಡ್ತೀನಿ. ನೀ ಸುಮ್ನ ತಲಿ ಅಲ್ಲಾಡಿಸು.”

“ಯಾರಾದ್ರೂ ತಪ್ಪು ಹೇಳಿದ್ರ?”

“ಹೇಳ್ಲಿ. ನಿಂಗೇನು ಗಂಟು ಹೋಗ್ತೈತಿ? ನಿನಗ ಹೆಣ್ಣು ಬೇಕೋ, ಖರೇ ಬೇಕೋ?”

ಗವಿಸಿದ್ದಪ್ಪನಿಗೆ ಹೆಣ್ಣು ಬೇಕಾಗಿತ್ತು. ಪಂಪಾವತಿಯ ಫೋಟೋ ಹದಿನೈದು ದಿನದಿಂದ ಅವನ ಹಾಜರಿ ಪುಸ್ತಕದಲ್ಲೇ ಇತ್ತು. ದಿನಾ ಹಾಜರಿ ಕರೆಯುವಾಗ ಒಮ್ಮೆ ನೋಡಿಕೊಳ್ಳುತ್ತಿದ್ದ. ಹುಡುಗಿ ಬಳ್ಳಾರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಕಾಲೇಜು ಓದುತ್ತಿದ್ದಾಳೆ ಅಂತ ಗೊತ್ತಾದ ಮೇಲೆ ಅವನ ಆಸೆ ಇನ್ನೂ ಹೆಚ್ಚಿತ್ತು. ಈ ಸಲ ತುಟಿ ಹೊಲಿದುಕೊಂಡಾದರೂ ಸುಮ್ಮನಿರುತ್ತೇನೆ ಅಂತ ಬಸ್ಸಿನಲ್ಲೇ ನಿರ್ಧಾರ ಮಾಡಿದ.

ಪಡಸಾಲೆಯಲ್ಲಿ ವೀರಭದ್ರಮ್ಮ ನಡುವೆ ಕುಳಿತಿದ್ದರು. ಅವರ ಮಗ, ಹುಡುಗಿಯ ತಂದೆ ವಿರೂಪಾಕ್ಷಪ್ಪ, ಕಂಬಕ್ಕೆ ಒರಗಿ ನಿಂತಿದ್ದ. ಅಕ್ಕಿ ಗಿರಣಿಯಲ್ಲಿ ನಲವತ್ತು ಜನರನ್ನು ಗದರಿಸುವ ಮನುಷ್ಯ, ಮನೆಯಲ್ಲಿ ತಾಯಿಯ ಮುಂದೆ ಕೆಮ್ಮುವುದಕ್ಕೂ ಅಪ್ಪಣೆ ಕೇಳುತ್ತಿದ್ದ. ಪಕ್ಕದ ಮನೆಯ ಉಚ್ಚೆಂಗೆಮ್ಮ ಪಂಚಾಂಗ ಕಂಕುಳಲ್ಲಿ ಇಟ್ಟುಕೊಂಡು ಆಗಲೇ ಹಾಜರಾಗಿದ್ದಳು. ಈ ಓಣಿಯಲ್ಲಿ ಆಕೆ ಇಲ್ಲದೆ ಯಾವ ಹೆಣ್ಣು ನೋಡುವ ಶಾಸ್ತ್ರವೂ ಆದದ್ದಿಲ್ಲ.

ಪಂಪಾವತಿ ಒಗ್ಗರಣಿ ಹಾಕಿದ ಮಂಡಕ್ಕಿ, ಮಿರ್ಚಿ ಇದ್ದ ತಟ್ಟೆಗಳನ್ನು ತಂದಿಟ್ಟಳು. ಕಡುಗೆಂಪು ಸೀರೆ, ಎರಡು ಕೈ ತುಂಬಾ ಹಸಿರು ಬಳೆ. ಗವಿಸಿದ್ದಪ್ಪನನ್ನು ನೆಟ್ಟಗೆ ಒಂದು ಸಲ ನೋಡಿ ಒಳಗೆ ಹೋದಳು. ಫೋಟೋದಲ್ಲಿ ಇದ್ದದ್ದಕ್ಕಿಂತ ಚೆಂದ ಇದ್ದಳು. ಗವಿಸಿದ್ದಪ್ಪನಿಗೆ ಮಿರ್ಚಿಯ ಖಾರವೂ ತಿಳಿಯಲಿಲ್ಲ.

ವೀರಭದ್ರಮ್ಮ ಫೋಟೋದ ಕಡೆ ತಿರುಗಿ ಸೆರಗು ಸರಿಮಾಡಿಕೊಂಡರು.

“ಏನ್ರಿ, ಕುರುಗೋಡಿನ ಮಾಸ್ತರ ಬಂದಾನ. ನಮ್ಮ ಪಂಪಾನ್ನ ಕೊಡೋಣೇನು?”

ಗೋಡೆ ಗಡಿಯಾರ ಟಕ್ ಟಕ್ ಅನ್ನುತ್ತಿತ್ತು. ಹೊರಗೆ ಹಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಹಲ್ಲಿಯ ಸುದ್ದಿಯೇ ಇಲ್ಲ.

“ಸಿಂಧನೂರಿನ ಗಂಡಿಗೂ ಹಿಂಗ ಆತು,” ಅಂದಳು ಉಚ್ಚೆಂಗೆಮ್ಮ, ನಿಟ್ಟುಸಿರು ಬಿಟ್ಟು. “ಆದವಾನಿ ಹತ್ತಿ ವ್ಯಾಪಾರದವ್ನಿಗೂ ಹಿಂಗ. ತೆಕ್ಕಲಕೋಟಿ ಕಂಪೌಂಡರಂತೂ ಹತ್ತೂವರಿ ತನಕ ಕುಂತಿದ್ದ ಪಾಪ.”

“ನಾ ಮೂರು ಸಲ ಕೇಳ್ತೀನಿ,” ಅಂದರು ವೀರಭದ್ರಮ್ಮ. “ಮೂರಂದ್ರ ಮೂರ. ನಾಕನೇ ಸಲ ಕೇಳಿ ಯಜಮಾನ್ರಿಗಿ ಕಾಟ ಕೊಡಂಗಿಲ್ಲ.” ಆಮೇಲೆ ಎರಡನೆಯ ಸಲ ಕೇಳಿದರು.

ಎರಡನೆಯ ಸಲವೂ ಇಲ್ಲ. ಗವಿಸಿದ್ದಪ್ಪನಿಗೆ ತಾಯಿ ಹಲಕುಂದಿ ಮಠದಲ್ಲಿ ರೊಟ್ಟಿ ಬಡಿಯುತ್ತಾ ಕುಳಿತದ್ದು ಕಣ್ಣ ಮುಂದೆ ಬಂತು. ಇನ್ನೊಂದೇ ಸಲ ಬಾಕಿ. ಅದೂ ಹೋದರೆ ಐದನೆಯ ಸಂಬಂಧವೂ ಹೋಯಿತು. ಅದೂ ಒಂದು ಹಲ್ಲಿಯ ದೆಸೆಯಿಂದ! ಆ ಹಲ್ಲಿ ಯಾಕೆ ನುಡಿಯುತ್ತಿಲ್ಲ ಅನ್ನುವುದು ಇಡೀ ಪಡಸಾಲೆಯಲ್ಲಿ ಅವನೊಬ್ಬನಿಗೇ ಗೊತ್ತು. ಎಂಟನೆಯ ತರಗತಿಗೆ ಹೋದ ತಿಂಗಳಷ್ಟೇ ಆ ಪಾಠ ಮಾಡಿದ್ದ.

“ಅಮ್ಮಾರ, ಒಂದು ಮಾತು,” ಅಂದುಬಿಟ್ಟ.

ಪಕ್ಕೀರಪ್ಪ ತೊಡೆ ಚಿವುಟಿದ. ಆಗಲೇ ಹೊತ್ತು ಮೀರಿತ್ತು.

“ಅದು ಬೇಕಂತ ಸುಮ್ನಿಲ್ರಿ. ಹಲ್ಲಿ ಶೀತರಕ್ತ ಪ್ರಾಣಿ. ನಮ್ಮಂಗ ಅದಕ್ಕ ಮೈಯಾಗ ಸ್ವಂತ ಕಾವು ಇರಂಗಿಲ್ಲ. ಹೊರಗ ಬಿಸಿಲಿದ್ರ ಅದೂ ಬಿಸಿ, ಹೊರಗ ಥಂಡಿ ಇದ್ರ ಅದೂ ಥಂಡಿ. ಹಾವು, ಕಪ್ಪಿ, ಓತಿಕ್ಯಾತ ಎಲ್ಲಾವೂ ಹಿಂಗ. ಮೂರು ದಿನ ಆತು ಬಿಸಿಲು ಬಿದ್ದಿಲ್ಲ. ಅದರ ಕೈಕಾಲು ಸೆಟಗೊಂಡಾವು. ಬಾಯಿ ತಗ್ಯಾಕೂ ಶಕ್ತಿ ಇಲ್ಲ ಅದಕ್ಕ. ನುಡಿ ಅಂದ್ರ ಹೆಂಗ ನುಡಿತೈತ್ರಿ?”

ಪಕ್ಕೀರಪ್ಪ ಕಂಬಳಿ ಮಡಚತೊಡಗಿದ, ಹೊರಡುವುದೇ ಸರಿ ಅಂತ.

“ಅಂದ್ರ,” ಅಂದರು ವೀರಭದ್ರಮ್ಮ ನಿಧಾನಕ್ಕೆ, “ನಮ್ಮ ಯಜಮಾನ್ರ ರಕ್ತ ತಣ್ಣಗೈತಿ ಅಂತೀಯೇನು?”

“ಅವರದಲ್ರಿ ಅಮ್ಮಾರ! ಹಲ್ಲಿದು!”

ವೀರಭದ್ರಮ್ಮ ಫೋಟೋವನ್ನು ಬಹಳ ಹೊತ್ತು ನೋಡಿದರು. “ಅದೂ ಖರೇ ಅನ್ನು,” ಅಂದರು. “ಬದುಕಿದ್ದಾಗೂ ಹಂಗ ಇದ್ರು. ಚಳಿಗಾಲ ಬಂತಂದ್ರ ಕಂಬಳಿ ಒಳಗಿಂದ ಒಂದು ಮಾತು ಹೊರಗ ಬರ್ತಿದ್ದಿಲ್ಲ.” ಆಮೇಲೆ ಗವಿಸಿದ್ದಪ್ಪನ ಕಡೆ ಬೆರಳು ಮಾಡಿದರು. “ನೀನ ಮಾಸ್ತರ ಅಲ್ಲೇನು? ಬೆಚ್ಚಗ ಮಾಡು ಮತ್ತ. ಆಮ್ಯಾಲ ಮೂರನೇ ಸಲ ಕೇಳ್ತೀನಿ.”

ಒಳಗೆ ಅಡಿಗೆಮನೆಯಲ್ಲಿ ಯಾವುದೋ ಲೋಟ ಕೈಜಾರಿ ಬಿತ್ತು. ಯಾರೂ ಲಕ್ಷ್ಯ ಕೊಡಲಿಲ್ಲ.

ಮೊದಲು ಶೆಗಡಿ, ಅಂದರೆ ಇದ್ದಿಲಿನ ಅಗ್ಗಿಷ್ಟಿಕೆ, ಬಂತು. ಮಳೆಗೆ ಇದ್ದಿಲು ಹಸಿಯಾಗಿತ್ತು. ವಿರೂಪಾಕ್ಷಪ್ಪ ಗಾಳಿ ಬೀಸಿದ, ಪಕ್ಕೀರಪ್ಪ ಊದಿದ, ಉಚ್ಚೆಂಗೆಮ್ಮ ತನ್ನ ಮನೆಯಿಂದ ಎರಡು ಸಗಣಿ ಕುಳ್ಳು ತಂದು ಹಾಕಿದಳು. ಬೆಂಕಿ ಹತ್ತಲಿಲ್ಲ, ಹೊಗೆ ಎದ್ದಿತು. ಕಾವು ಹೊರಗೆ ಹೋಗಬಾರದು ಅಂತ ಗವಿಸಿದ್ದಪ್ಪನೇ ಕಿಟಕಿ ಬಾಗಿಲು ಮುಚ್ಚಿಸಿದ್ದ. ಐದು ನಿಮಿಷದಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದಂತಾಯಿತು. ಎದುರು ಮನೆಯ ರಂಗಣ್ಣ ಬೆಂಕಿ ಬಿದ್ದಿದೆ ಅಂತ ಒಂದು ಕೊಡ ನೀರು ತಂದು ಕಿಟಕಿಯ ಸಂದಿಯಿಂದ ಸುರಿದ. ಅರ್ಧ ನೀರು ಪಕ್ಕೀರಪ್ಪನ ಬೆನ್ನಿಗೆ, ಅರ್ಧ ಮಿರ್ಚಿಯ ತಟ್ಟೆಗೆ ಹೋಯಿತು.

“ಯಾರಲೇ ಅವ್ನು?” ಅಂತ ಪಕ್ಕೀರಪ್ಪ ಚೀರಿದ.

“ನಾನ್ರಿ, ರಂಗಣ್ಣ. ಆರಿತೇನ್ರಿ?”

“ಅಯ್ಯ ನಿನ್ನ! ಹಲ್ಲಿಗಿ ಕಾಸ್ತಾ ಇದೀವಿ, ಹೋಗೋ ಮಾರಾಯ.”

ರಂಗಣ್ಣ ಹೋಗಲಿಲ್ಲ. ಹಲ್ಲಿಗೆ ಕಾಸುವುದು ಹೇಗೆ ಅಂತ ನೋಡಲು ಕಿಟಕಿಯಲ್ಲೇ ನಿಂತ. ಅವನ ಹಿಂದೆ ಇನ್ನೂ ನಾಲ್ವರು ಬಂದು ನಿಂತರು.

“ಶೆಗಡಿ ಕಾವು ಅಷ್ಟು ಎತ್ತರ ಮುಟ್ಟಂಗಿಲ್ಲ,” ಅಂದಳು ಉಚ್ಚೆಂಗೆಮ್ಮ ಕೆಮ್ಮುತ್ತಾ. “ಇಸ್ತ್ರಿ ಪೆಟ್ಟಿಗಿ ಹಿಡಿರಿ ಮಾಸ್ತರ. ಗೋಡಿಗಿ ಹತ್ರ ಹಿಡಿರಿ, ಹಂಗ ಇಸ್ತ್ರಿ ಮಾಡಿದಂಗ.”

ಹೀಗೆ ನಮ್ಮ ಗವಿಸಿದ್ದಪ್ಪ ಸ್ಟೂಲು ಹತ್ತಿದ. ಬಲಗೈಯಲ್ಲಿ ಕೆಂಡದ ಇಸ್ತ್ರಿ ಪೆಟ್ಟಿಗೆ, ಎಡಗೈಯಲ್ಲಿ ಮಾವನ ಅಪ್ಪನ ಫೋಟೋದ ಚೌಕಟ್ಟು. ಮದುವೆಗೆಂದೇ ಹೊಲಿಸಿದ ಉಣ್ಣೆಯ ಕೋಟಿನೊಳಗೆ ಬೆವರು ಇಳಿಯುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಕೆಳಗಿನಿಂದ ಎಲ್ಲರೂ ಸಲಹೆ ಕೊಡುವವರೇ.

“ಜರ ಎಡಕ್ಕ!”

“ಯಜಮಾನ್ರ ಮೀಸಿಗಿ ತಾಗಿಸೀಯ, ಜ್ವಾಕಿ!”

“ಸ್ವಲ್ಪ ಸ್ವಲ್ಪ ಕಾಸ್ರಿ, ಒಮ್ಮಿಗೇ ಕಾಸಿದ್ರ ಹೊತ್ತೀತು!”

ಚೌಕಟ್ಟು ಒಂದಿಷ್ಟು ಸರಿಯಿತು. ಅದರ ಹಿಂದಿನಿಂದ ಏನೋ ಜಾರಿ ಗವಿಸಿದ್ದಪ್ಪನ ಕೈಮೇಲೆ ಬಿತ್ತು. ಹಲ್ಲಿ! ಒಣಮೆಣಸಿನಕಾಯಿಯ ಹಾಗೆ ಸೆಟೆದುಕೊಂಡಿತ್ತು. ಹೊಟ್ಟೆ ಮೇಲಾಗಿತ್ತು, ನಾಲ್ಕು ಕಾಲೂ ಆಕಾಶ ನೋಡುತ್ತಿದ್ದವು.

ಸತ್ತಿಲ್ಲ, ಚಳಿಗೆ ಮರಗಟ್ಟಿದೆ, ಅಷ್ಟೇ. ಕಾವು ತಾಗಲು ಇನ್ನೂ ಬಹಳ ಹೊತ್ತು ಬೇಕು ಅಂತ ಅವನಿಗೇನೋ ಗೊತ್ತು. ಆದರೆ ಕೆಳಗಿದ್ದವರಿಗೆ ಅದನ್ನು ಹೇಗೆ ಹೇಳುವುದು? ಬಂದ ದಿನವೇ ಯಜಮಾನರನ್ನು ಎರಡನೆಯ ಸಲ ಸಾಯಿಸಿದ ಅಳಿಯ ಅಂತ ಜಿಲ್ಲೆಯೆಲ್ಲಾ ಹೆಸರಾಗುತ್ತದೆ. ಆಮೇಲೆ ಹರಪನಹಳ್ಳಿಯಿಂದ ಆದವಾನಿಯವರೆಗೆ ಯಾರೂ ಹೆಣ್ಣು ಕೊಡುವುದಿಲ್ಲ. ಹೊಗೆ ದಟ್ಟವಾಗಿತ್ತು. ಗವಿಸಿದ್ದಪ್ಪ ಹಲ್ಲಿಯನ್ನು ಮೆಲ್ಲಗೆ ಕೋಟಿನ ಹೊರಜೇಬಿಗೆ ಇಳಿಬಿಟ್ಟು ಮುಚ್ಚಳ ಮುಚ್ಚಿದ.

“ಏನಾತು ಮಾಸ್ತರ?” ಅಂದಳು ಉಚ್ಚೆಂಗೆಮ್ಮ.

“ಏನಿಲ್ರಿ. ಅಲ್ಲೇ ಐತಿ. ಈಗ ಸ್ವಲ್ಪ ಕಾಲು ಅಲ್ಲಾಡಿಸ್ತು.”

ಹೀಗೆ ಒಂದು ಶುದ್ಧ ಸುಳ್ಳು ಹೇಳಿ ಸ್ಟೂಲು ಇಳಿದು ಕುಳಿತ. ಕಿಟಕಿ ತೆಗೆದರು, ಹೊಗೆ ಹೋಯಿತು, ಇದ್ದ ಚೂರುಪಾರು ಕಾವೂ ಹೋಗಿ ಚಳಿ ಒಳಗೆ ನುಗ್ಗಿತು. ವೀರಭದ್ರಮ್ಮ ನೆಟ್ಟಗೆ ಕುಳಿತು ಮೂರನೆಯ ಸಲ, ಕೊನೆಯ ಸಲ, ಕೇಳಿದರು.

“ಏನ್ರಿ, ಮಾಸ್ತರ ನಿಮಗ ಇಷ್ಟೊತ್ತು ಕಾವು ಕೊಟ್ಟಾನ. ಕೊಡೋಣೇನು ನಮ್ಮ ಪಂಪಾನ್ನ?”

ಗವಿಸಿದ್ದಪ್ಪ ಕಣ್ಣು ಮುಚ್ಚಿದ. ನುಡಿಯಬೇಕಾದ ಹಲ್ಲಿ ತನ್ನ ಜೇಬಿನಲ್ಲಿ ಸೆಟೆದು ಮಲಗಿದೆ. ಇನ್ನು ನುಡಿಯುವವರು ಯಾರು? ಕುರುಗೋಡು ಬಸವೇಶ್ವರಾ, ಇದೊಂದು ಸಲ ಪಾರು ಮಾಡಪ್ಪಾ ಅಂತ ಮನಸ್ಸಿನಲ್ಲೇ ಕೈಮುಗಿದ. ಗಡಿಯಾರ ಟಕ್ ಟಕ್ ಅನ್ನುತ್ತಲೇ ಇತ್ತು. ವೀರಭದ್ರಮ್ಮ ಆಯಿತು ಬಿಡು ಅನ್ನುವ ಹಾಗೆ ಮೊಣಕಾಲಿಗೆ ಕೈ ಊರಿ ಏಳಲು ನೋಡಿದರು.

“ಲೊಚ್... ಲೊಚ್ ಲೊಚ್.”

ಅಬ್ಬಾ! ಪಡಸಾಲೆಯವರೆಲ್ಲಾ ಒಟ್ಟಿಗೆ ನೆಲ ಕುಟ್ಟಿದರು. “ಶಿವ ಶಿವ! ಶಿವ ಶಿವ!” ಕಿಟಕಿಯಾಚೆ ನಿಂತ ರಂಗಣ್ಣನ ಗುಂಪು ಕುಟ್ಟಲು ನೆಲ ಸಿಗದೆ ಗೋಡೆ ಕುಟ್ಟಿತು. ವಿರೂಪಾಕ್ಷಪ್ಪ ಹೆಗಲ ಮೇಲಿನ ವಲ್ಲಿಯಿಂದ ಕಣ್ಣೊರೆಸಿಕೊಂಡ. ಪಕ್ಕೀರಪ್ಪ ಒದ್ದೆ ಅಂಗಿಯಲ್ಲೇ ಗೆಳೆಯನನ್ನು ತಬ್ಬಿಕೊಂಡು, “ಲೇ ಗವಿ, ನಿನ್ನ ವಿಜ್ಞಾನ ಬಿಲ್ಕುಲ್ ಖರೇ ಆತಲ್ಲೋ!” ಅಂದ.

ಗವಿಸಿದ್ದಪ್ಪನಿಗೆ ಎದೆಯ ಮೇಲಿನ ಬಂಡೆ ಇಳಿದ ಹಾಗಾಯಿತು. ಗೆದ್ದೆ! ಐದನೆಯ ಸಲಕ್ಕೆ ಗೆದ್ದೆ! ಆನಂದದಲ್ಲಿ ಕೈ ತಾನಾಗಿ ಜೇಬಿಗೆ ಹೋಯಿತು. ಹಲ್ಲಿ ಅಲ್ಲೇ ಇತ್ತು. ಹಾಗೇ ಸೆಟೆದಿತ್ತು, ಬಾವಿಯ ಕಲ್ಲಿನಷ್ಟು ತಣ್ಣಗಿತ್ತು.

ಹಾಗಾದರೆ ನುಡಿದದ್ದು ಯಾವುದು? ಇನ್ನೊಂದು ಹಲ್ಲಿಯೇ? ಅದಕ್ಕೂ ಇದೇ ಚಳಿ, ಇದೇ ರಕ್ತ. ಈಗಷ್ಟೇ ತಾನೇ ಪಾಠ ಮಾಡಿದ್ದಾನೆ. ಕಾರಣ ಹುಡುಕುವ ಅವನ ಹಳೆಯ ರೋಗ ಒಳಗೊಳಗೇ ಕೆರಳಿತು. ಅದನ್ನು ಹೇಗೋ ಅದುಮಿಕೊಂಡು ಸುಮ್ಮನೆ ಕುಳಿತ. ಜೀವಮಾನದಲ್ಲಿ ಅವನು ಕಾರಣ ಹೇಳದೆ ಬಿಟ್ಟದ್ದು ಅದೇ ಮೊದಲು.

“ಇನ್ನ ಲಗ್ನದ ಮಾತು,” ಅಂದ ಪಕ್ಕೀರಪ್ಪ, ಬಿಸಿ ಆರುವ ಮೊದಲೇ. “ಧನುರ್ಮಾಸ ಕಳೀಲಿ. ಮಾಘದಾಗ ಮಾಡಿಬಿಡೂಣ್ರಿ.”

“ಮಾಘದಾಗ ಮಾಡೋಣೇನ್ರಿ?” ಅಂತ ವೀರಭದ್ರಮ್ಮ ಫೋಟೋವನ್ನು ಕೇಳಿದರು. ಹಲ್ಲಿ ನುಡಿಯಲಿಲ್ಲ.

“ಫಾಲ್ಗುಣದಾಗ?” ಇಲ್ಲ.

“ವೈಶಾಖದಾಗ ಅಗದೀ ಚೊಲೋ ಮುಹೂರ್ತ ಅದಾವು,” ಅಂತ ಉಚ್ಚೆಂಗೆಮ್ಮ ಪಂಚಾಂಗ ಬಿಚ್ಚಿದಳು. ವೈಶಾಖಕ್ಕೂ ಇಲ್ಲ. ಬರುವ ವರ್ಷದ ಶ್ರಾವಣ, ಕಾರ್ತಿಕ, ಯಾವುದಕ್ಕೂ ಇಲ್ಲ. ಪಂಚಾಂಗದ ಹಾಳೆಗಳು ಮುಗಿದವು.

“ಮತ್ತ ಚಳಿ ಹತ್ತಿರಬೇಕು. ಮಾಸ್ತರ, ಇಸ್ತ್ರಿ ಪೆಟ್ಟಿಗಿ ತಗೊಳ್ರಿ,” ಅಂದ ಕಿಟಕಿಯಿಂದ ರಂಗಣ್ಣ.

ವಿರೂಪಾಕ್ಷಪ್ಪ ಕಂಬದ ಹಿಂದಿನಿಂದ ಅಂಜುತ್ತಂಜುತ್ತಾ ಬಾಯಿಬಿಟ್ಟ. “ಅವ್ವಾ, ಪಂಪಾ ಮೊದ್ಲಿಂದ ಒಂದು ಮಾತು ಹೇಳ್ತಾಳ. ಈಗ ಬಿ.ಎಸ್ಸಿ. ಮೊದಲ್ನೇ ವರ್ಷ ಐತಿ. ಅದು ಪೂರಾ ಮುಗಿದ ಮ್ಯಾಲ...”

“ಲೊಚ್ ಲೊಚ್ ಲೊಚ್ ಲೊಚ್!”

ಮಾತು ಮುಗಿಯುವವರೆಗೂ ಕಾಯಲಿಲ್ಲ. ಅದೂ ಮೂರಲ್ಲ, ನಾಲ್ಕು. ವೀರಭದ್ರಮ್ಮ ನೆಲ ಕುಟ್ಟಿ, “ಮುಗೀತು. ಯಜಮಾನ್ರು ಹೇಳಿದ ಮ್ಯಾಲ ನಂದೇನೈತಿ? ಓದು ಮುಗಿಲಿ, ಆಮ್ಯಾಲ ಲಗ್ನ,” ಅಂದರು.

ಪಕ್ಕೀರಪ್ಪ ಬೆರಳು ಮಡಚಿ ಲೆಕ್ಕ ಹಾಕಿದ. “ಅಂದ್ರ ಎರಡೂವರಿ ವರ್ಷ!”

ಗವಿಸಿದ್ದಪ್ಪ ದಡಕ್ಕನೆ ಎದ್ದ. ಈ ಸಲ ಅವನಿಗೆ ಸರಿಯಾಗಿ ಕೇಳಿಸಿತ್ತು. ಶಬ್ದ ಫೋಟೋದ ಕಡೆಯಿಂದ ಬಂದಿರಲಿಲ್ಲ, ಅಡಿಗೆಮನೆಯ ಬಾಗಿಲ ಪರದೆಯ ಕಡೆಯಿಂದ ಬಂದಿತ್ತು. ಪರದೆಯ ಕೆಳಗೆ ಕಡುಗೆಂಪು ಸೀರೆಯ ಅಂಚು ಕಾಣುತ್ತಿತ್ತು. “ಅಮ್ಮಾರ, ಈ ಹಲ್ಲಿ...” ಅಂತ ಶುರು ಮಾಡಿದ.

“ಏನಪಾ? ಹಲ್ಲಿ ಏನು?”

ಏನು ಹೇಳುತ್ತಾನೆ? ಈಗ ನುಡಿದದ್ದು ಹಲ್ಲಿಯಲ್ಲ ಅಂದರೆ ಮೊದಲು ನುಡಿದದ್ದೂ ಹಲ್ಲಿಯಲ್ಲ. ಎರಡೂವರೆ ವರ್ಷವೂ ಹೋಗುತ್ತದೆ, ಅದರ ಜೊತೆಗೆ ಪಂಪಾವತಿಯೂ ಹೋಗುತ್ತಾಳೆ. ಜೇಬಿನಲ್ಲಿ ಸಾಕ್ಷಿ ಇಟ್ಟುಕೊಂಡೇ ಬಾಯಿ ಮುಚ್ಚಿಕೊಳ್ಳಬೇಕಾಯಿತು.

“ಏನಿಲ್ರಿ,” ಅಂದ. “ಬಾಳ ಚೊಲೋ ಹಲ್ಲಿ ಅಂದೆ.”

ಊಟ ಅಲ್ಲೇ ಆಯಿತು. ಎಲ್ಲರೂ ಉಂಡು ಏಳುವ ಹೊತ್ತಿಗೆ ಮೋಡ ಹರಿದು, ಮೂರು ದಿನ ಮುಖ ಮರೆಸಿಕೊಂಡಿದ್ದ ಸೂರ್ಯ ಹಿತ್ತಲಿಗೆ ಇಳಿದಿದ್ದ. ಗವಿಸಿದ್ದಪ್ಪ ಕೈತೊಳೆಯಲು ಹಿತ್ತಲಿಗೆ ಬಂದ. ಪಂಪಾವತಿ ಬಿಸಿನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಪಡಸಾಲೆಯ ಹಿಂದಿನ ಕಿಟಕಿ ಅಲ್ಲೇ ಮೇಲೆ ಇತ್ತು, ಹಿರಿಯರ ಮಾತು ಕೇಳುತ್ತಿತ್ತು. ಗವಿಸಿದ್ದಪ್ಪ ದನಿ ತಗ್ಗಿಸಿದ.

“ಒಂದು ಮಾತು ಹೇಳ್ಲೇನ್ರಿ? ನಿಮ್ಮ ಮನಿ ಹಲ್ಲಿ ನನ್ನ ಜೇಬಿನ್ಯಾಗ ಐತಿ.”

“ಗೊತ್ರಿ ಸರ,” ಅಂದಳು ಪಂಪಾವತಿ, ನೀರು ಹಾಕುತ್ತಾ. “ನೀವು ಇಟ್ಕೊಂಡಿದ್ದು ಪರದಿ ಸಂದ್ಯಾಗಿಂದ ನೋಡಿದೆ. ನನ್ನ ಕಡೆ ಹೊಗಿ ಕಡಿಮಿ ಇತ್ತು.”

“ಅದು ಬೆಳಿಗ್ಗಿಂದ ಸೆಟಗೊಂಡು ಬಿದ್ದೈತಿ. ಮತ್ತ ನುಡಿದಿದ್ದು?”

“ಇಂಥಾ ಚಳ್ಯಾಗ ಹಲ್ಲಿ ಎಲ್ಲೆರ ನುಡಿತೈತೇನ್ರಿ? ಶೀತರಕ್ತ ಪ್ರಾಣಿ ಅದು. ನಂದೂ ಪ್ರಾಣಿಶಾಸ್ತ್ರನ ರೀ ಸರ.” ಆಮೇಲೆ ತುಟಿ ಕಚ್ಚಿ ನಗು ತಡೆದುಕೊಂಡಳು. “ಬಿಸಿರಕ್ತದ ಪ್ರಾಣಿ ನುಡಿತು ಅಂತ ತಿಳ್ಕೊಳ್ರಿ.”

ಗವಿಸಿದ್ದಪ್ಪ ಕೈ ಚಾಚಿಕೊಂಡೇ ನಿಂತ. ನೀರು ಮಣಿಕಟ್ಟಿನಿಂದ ಹರಿದು ಕೋಟಿನ ತೋಳಿನೊಳಗೆ ಹೋಗುತ್ತಿತ್ತು.

“ಬ್ಯಾಸಿಗ್ಯಾಗ ಅದರ ಬಾಯಿ ಹಿಡ್ಯಾಕ ಆಗಂಗಿಲ್ಲ,” ಅಂದಳು ಪಂಪಾವತಿ. “ಯಾವ ಗಂಡು ಬಂದ್ರೂ ಲೊಚ್ ಅಂದುಬಿಟ್ರ ನನ್ನ ಗತಿ ಏನು? ಅದಕ್ಕ ಗಂಡು ನೋಡೋದೆಲ್ಲಾ ಚಳಿಗಾಲಕ್ಕ, ಅದೂ ಬೆಳಿಗ್ಗೆ ಏಳರೊಳಗ ಇಡ್ರಿ ಅಂತ ಅಪ್ಪಗ ಹೇಳಿದ್ದೆ. ಹಲ್ಲಿ ಮಲಗಿರತೈತಿ, ಬಂದೋರು ಹೋಗ್ತಾರ. ಅಜ್ಜಿಗಿ ಬ್ಯಾಡ ಅನ್ನೋ ಧೈರ್ಯ ನಮ್ಮನ್ಯಾಗ ಯಾರಿಗಿ ಐತ್ರಿ?”

“ಮತ್ತ ನನಗ್ಯಾಕ ಹೂಂ ಅಂದ್ರಿ?”

ಪಂಪಾವತಿ ತಂಬಿಗೆಯನ್ನೇ ನೋಡಿದಳು. “ಆ ಮೂರೂ ಮಂದಿ ಸುಮ್ನ ತಲಿ ಅಲ್ಲಾಡಿಸಿಕೋತ ಕುಂತಿದ್ರು. ಅಜ್ಜಿ ಎದುರಿಗಿ ಕುಂತು ಹಲ್ಲಿಗಿ ಚಳಿ ಐತಿ ಅಂದೋರು ನೀವೊಬ್ರ. ಇಸ್ತ್ರಿ ಪೆಟ್ಟಿಗಿ ಹಿಡ್ಕೊಂಡು ನಿಂತಾಗ ಪಾಪ ಅನ್ನಿಸ್ತು ಅನ್ನೋದೂ ಖರೇ.”

ನಾಲ್ಕು ಸಂಬಂಧ ಕೆಡಿಸಿದ ಬಾಯಿ ಐದನೆಯದನ್ನು ಕೂಡಿಸಿತ್ತು. ಗವಿಸಿದ್ದಪ್ಪನಿಗೆ ಅಳು ಬರುವಷ್ಟು ಸಂತೋಷವಾಯಿತು. ಕುರುಗೋಡಿಗೆ ಹೋದ ಕೂಡಲೇ ತಾಯಿಗೆ ಹೇಳಬೇಕು, ಮಠದ ರೊಟ್ಟಿ ಬೇರೆಯವರು ಬಡಿಯಲಿ ಅಂತ. ಹೂಂ ಸಿಕ್ಕಿದೆಯಲ್ಲ, ಅಷ್ಟು ಸಾಕು. ಎರಡೂವರೆ ವರ್ಷ ಒಂದು ದೊಡ್ಡ ಮಾತೇ?

“ಓದ್ರಿ, ಚೊಲೋ ಓದ್ರಿ,” ಅಂದ. “ಅಲ್ಲೀ ತನಕ ಆಗೊಮ್ಮಿ ಈಗೊಮ್ಮಿ ಬಂದು ಹೋಗಬಹುದಲ್ರಿ?”

“ಬರ್ರಿ, ಯಾರು ಬ್ಯಾಡಂದ್ರು? ನಾನು ಪ್ರತಿ ಐತವಾರ ಬಳ್ಳಾರಿಯಿಂದ ಬರ್ತೀನಿ. ಮಿರ್ಚಿ ಮಾಡ್ತೀನಿ. ಕಪ್ಪಿ ರಕ್ತಪರಿಚಲನೆ ನನಗ ಸರಿ ತಿಳಿವಲ್ದು, ಹೇಳಿಕೊಡ್ರಿ.”

ಇದಕ್ಕಿಂತ ಒಳ್ಳೆಯ ಐತವಾರ ಯಾವ ಮೇಷ್ಟ್ರಿಗೆ ಸಿಕ್ಕೀತು? ಗವಿಸಿದ್ದಪ್ಪ ಮನಸ್ಸಿನಲ್ಲೇ ವರ್ಷಕ್ಕೆ ಐವತ್ತೆರಡು ಐತವಾರ ಅಂತ ಗುಣಿಸತೊಡಗಿದ. ಅಷ್ಟರಲ್ಲಿ ಜೇಬಿನೊಳಗೆ ಏನೋ ಸರಸರ ಅಂದಿತು. ಮೈಕಾವು, ಬಿಸಿಲಿನ ಕಾವು ಎರಡೂ ತಾಗಿ ಹಲ್ಲಿಗೆ ಎಚ್ಚರವಾಗಿತ್ತು. ಜೇಬಿನ ಮುಚ್ಚಳ ಎತ್ತಿದ್ದೇ ತಡ, ಅರ್ಧ ಬಾಲವನ್ನು ಅವನ ಬೆರಳಲ್ಲೇ ಬಿಟ್ಟು, ತೋಳಿನ ಮೇಲೆ ಓಡಿ, ಗೋಡೆಗೆ ಹಾರಿ ಬಿಸಿಲು ಬಿದ್ದ ಕಿಟಕಿಯ ಚೌಕಟ್ಟಿನ ಮೇಲೆ ಹೋಗಿ ಕುಳಿತಿತು.

“ನೋಡಿದ್ರಾ?” ಅಂದ ಗವಿಸಿದ್ದಪ್ಪ, ಬಾಲ ಹಿಡಿದುಕೊಂಡೇ. “ಸತ್ತಿದ್ದಿಲ್ಲ. ನಾ ಹೇಳಲಿಲ್ಲೇನು?”

ಅದೇ ಹೊತ್ತಿಗೆ ಕಿಟಕಿಯೊಳಗಿನಿಂದ ವೀರಭದ್ರಮ್ಮನವರ ದನಿ ಕೇಳಿತು.

“ಇನ್ನೊಂದು ಮಾತು ಕೇಳ್ರಿ ಪಕ್ಕೀರಪ್ಪ. ಮಾತು ಆದ ಮ್ಯಾಲ ಲಗ್ನದ ತನಕ ಗಂಡು ಹೆಣ್ಣಿನ ಮನಿಗಿ ಓಡಾಡೋದು ಚೊಲೋ ಅಲ್ಲ. ಮಂದಿ ಬಾಯಿಗಿ ಬೀಳತೀವಿ. ಈ ಎರಡೂವರಿ ವರ್ಷ ಮಾಸ್ತರ ನಮ್ಮ ಹೊಸ್ತಿಲ ತುಳೀಬಾರ್ದು. ಏನ್ರಿ, ನಾ ಅಂದಿದ್ದು ಹೌದಿಲ್ಲೋ?”

ಗವಿಸಿದ್ದಪ್ಪ ಪಂಪಾವತಿಯ ಕಡೆ ತಿರುಗಿ, ಬೇಡ, ದಮ್ಮಯ್ಯ ಅಂತ ಎರಡೂ ಕೈ ಮುಗಿದ. ಪಂಪಾವತಿ ಹೆದರಬೇಡಿ ಅನ್ನುವ ಹಾಗೆ ತಲೆಯಾಡಿಸಿ, ಸೆರಗಿನಿಂದ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡಳು.

“ಲೊಚ್ ಲೊಚ್ ಲೊಚ್!”

ಒಳಗೆ ಎಲ್ಲರೂ ನೆಲ ಕುಟ್ಟುವ ಸದ್ದು ಕೇಳಿಬಂತು. ಶಿವ ಶಿವ, ಶಿವ ಶಿವ. ಪಂಪಾವತಿ ಬಾಯಿಯಿಂದ ಸೆರಗು ತೆಗೆದು ಕಿಟಕಿಯ ಮೇಲಿನ ಮೋಟುಬಾಲದ ಕಡೆ ಕೈ ತೋರಿಸಿದಳು. ನಗು ತಡೆಯಲಾಗದೆ ಅವಳ ಕೈಯಿಂದ ತಂಬಿಗೆ ಬಿತ್ತು.

“ನಿಮ್ಮಾಣಿ ಸರ, ಇದು ನಾನಲ್ಲ,” ಅಂದಳು. “ನೀವ ಬೆಚ್ಚಗ ಮಾಡಿದ್ದು.”